ಹೂಜಿ ಗಿಡ ಆಡಿದ ಬೇಟೆ

ಪರಾಕ್ರಮ ಎನ್ನುವುದು ರಕ್ತದಲ್ಲಿ ಹರಿದು ಬರುವ ಗುಣ. ಅದು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಎಲ್ಲೂ ತಡೆಯಿಲ್ಲದೆ ಇಳಿದು ಬರುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ವಂಶದಲ್ಲಿ ಅದು ನನ್ನ ತಂದೆಯವರೆಗೆ ಚೆನ್ನಾಗಿಯೇ ಇಳಿದು ಬಂದಿತ್ತು.

ನಮ್ಮ ಮನೆಯ ನಡುಕೋಣೆಯ ಗೋಡೆಯಲ್ಲಿ ಸಾಲಾಗಿ ಕೊಂಬುಗಳಿವೆ. ಬೇಟೆಗೆ ಅಡ್ಡಿಯಿಲ್ಲದಿದ್ದ ಕಾಲದವು. ಮುತ್ತಜ್ಜನದು ಕಾಟಿ, ಅಂದರೆ ಕಾಡುಕೋಣ; ಅಜ್ಜನದು ಕಡವೆ, ಅಪ್ಪನದು ಕಾಡುಕುರಿ. ಗಾತ್ರ ತಲೆಮಾರಿಗೊಂದು ಮೆಟ್ಟಿಲು ಇಳಿದದ್ದು ನಿಜ, ಆದರೆ ಕೊಂಬು ಕೊಂಬೇ. ಅಪ್ಪನ ಕೊಂಬಿನ ಪಕ್ಕ ಒಂದು ಮೊಳೆ ಇದೆ. ಅದು ನನ್ನ ಮೊಳೆ. ಅದರಲ್ಲಿ ನಲವತ್ತು ವರ್ಷ ಸಹಕಾರ ಸಂಘದ ಕ್ಯಾಲೆಂಡರ್ ನೇತಾಡುತ್ತಿತ್ತು. ಕಾನೂನು ಬಂದು ಬೇಟೆ ನಿಂತುಹೋಯಿತಲ್ಲ, ಇಲ್ಲದಿದ್ದರೆ ತೋರಿಸುತ್ತಿದ್ದೆ ಎಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಕಾನೂನು ಬರದಿದ್ದರೂ ಆ ಮೊಳೆಯಲ್ಲಿ ಕ್ಯಾಲೆಂಡರೇ ಇರುತ್ತಿತ್ತು ಎಂದು ನನ್ನ ಹೆಂಡತಿ ದಮಯಂತಿ, ಅದೇ ಬಂದವರಿಗೆ ಕಾಫಿ ಕೊಡುತ್ತಾ ಹೇಳುತ್ತಿದ್ದಳು.

ಕೊಂಬುಗಳ ಕೆಳಗೆ ಅಜ್ಜನ ಒಂಟಿ ನಳಿಗೆಯ ಕೋವಿ ಇದೆ. ಈ ಬರಹವು ಆ ಕೋವಿಗಾಗಿ ನಾನು ನಡೆಸಿದ ಹೋರಾಟದ ಸತ್ಯವಾದ ವರದಿ.

ಹೋರಾಟಕ್ಕೆ ಕಾರಣ ಕಳೆದ ವರ್ಷದ ಕೈಲ್ ಮುಹೂರ್ತ, ಸೆಪ್ಟೆಂಬರಿನಲ್ಲಿ ಬರುವ ನಮ್ಮ ಆಯುಧದ ಹಬ್ಬ. ಆ ದಿನ ನಮ್ಮಲ್ಲಿ ಕೋವಿ, ಕತ್ತಿಗಳನ್ನು ಒರೆಸಿ, ಹೂವಿಟ್ಟು ಪೂಜಿಸಿ, ಹಂದಿಕರಿ ಉಂಡು, ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಪದ್ಧತಿ. ನನ್ನ ಸರದಿ ಬಂತು. ಉಸಿರು ಕಟ್ಟಿದೆ. ಒಂದು ಕಣ್ಣು ಮುಚ್ಚಿದೆ. ಕೋವಿಯ ಕುದುರೆ ಎಳೆಯುವ ಹೊತ್ತಿಗೆ ಇನ್ನೊಂದು ಕಣ್ಣೂ ತಾನಾಗಿ ಮುಚ್ಚಿತು. ತೆಂಗಿನಕಾಯಿ ಇದ್ದದ್ದು ಮರದ ಮೇಲೆ. ನಮ್ಮ ದೊಡ್ಡಪ್ಪನ ಮಗ ಪೊನ್ನಪ್ಪಣ್ಣನ ಜೀಪು ಇದ್ದದ್ದು ನೆಲದ ಮೇಲೆ, ಅದೂ ನನ್ನ ಎಡಗಡೆ. ಗುಂಡು ಜೀಪಿನ ಸ್ಟೆಪ್ನಿಗೆ ಬಿತ್ತು. ನ್ಯಾಯವಾಗಿ ಒಂದು ಮಾತು ಹೇಳಲೇಬೇಕು: ಸರಿಯಾಗಿ ನಡುವಿಗೇ ಬಿತ್ತು.

ಪೊನ್ನಪ್ಪಣ್ಣ ಸ್ಟೆಪ್ನಿಯ ತೂತಿಗೆ ಬೆರಳು ಹಾಕಿ ನೋಡಿದರು. ಆಮೇಲೆ ಬಂದು, ಎಲ್ಲರಿಗೂ ಕೇಳುವಂತೆ, ಬಹಳ ಶಾಂತವಾಗಿ ಹೇಳಿದರು:

"ತಮ್ಮ, ಹೊಡಿಕೆ ಬಾರದವನ ಗೋಡೇಲಿ ಕೋವಿ ಇದ್ರೆ ಅಜ್ಜಂಗೆ ಮೇಲೆ ನಿದ್ದೆ ಬರಿಕಿಲ್ಲೆ. ಅದು ಅಜ್ಜಂದು. ನಾನೂ ಅಜ್ಜನ ಮೊಮ್ಮಗನೇ. ನಂಗೆ ಕೊಡು."

ಪೊನ್ನಪ್ಪಣ್ಣ ಹೊಡೆದ ತೆಂಗಿನಕಾಯಿಗಳನ್ನು ಒಟ್ಟು ಮಾಡಿದ್ದರೆ ಒಂದು ಎಣ್ಣೆ ಗಾಣ ನಡೆಸಬಹುದಿತ್ತು. ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ದಮಯಂತಿ ಮಾತ್ರ ಆಡಿಸಲಿಲ್ಲ, ಆದರೆ ಆಡಿಸದೆ ಇರಲು ಅವಳು ಕಷ್ಟಪಡುತ್ತಿದ್ದುದು ಕಾಣುತ್ತಿತ್ತು. ನಾನು ಯೋಚಿಸಿ ಹೇಳುತ್ತೇನೆ ಎಂದು ಕಾಲ ತಳ್ಳಿದೆ. ಎಂಟು ತಿಂಗಳು ತಳ್ಳಿದೆ.

ಏಪ್ರಿಲ್ ತಿಂಗಳಲ್ಲಿ ನನಗೆ ಸಹಾಯ ಬಂತು. ಅದೂ ಶತ್ರುವಿನ ಮನೆಯಿಂದಲೇ. ಪೊನ್ನಪ್ಪಣ್ಣನ ಮಗಳು ಸೌಮ್ಯ ಮೈಸೂರಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್. ರಜೆಗೆ ಬಂದವಳು ಚಿಕ್ಕಪ್ಪನಿಗೆಂದು ಒಂದು ಕುಂಡ ತಂದಳು. ಗಿಡದ ಎಲೆಯ ತುದಿ ಬಳ್ಳಿಯಂತೆ ಬೆಳೆದು, ಆ ಬಳ್ಳಿಯ ತುದಿಯಲ್ಲಿ ಒಂದು ಪುಟ್ಟ ಹೂಜಿ; ಹೂಜಿಗೆ ಒಂದು ಮುಚ್ಚಳ; ಒಳಗೆ ಸ್ವಲ್ಪ ನೀರು. ಇಂಥ ಹೂಜಿಗಳು ಮೂರು. ಹುಳ ಬಂದು ಬಾಯಂಚಿನ ಸಿಹಿಯನ್ನು ನೆಕ್ಕುತ್ತದೆ, ಜಾರಿ ಒಳಗೆ ಬೀಳುತ್ತದೆ, ಗಿಡ ಅದನ್ನು ಜೀರ್ಣಿಸಿಕೊಳ್ಳುತ್ತದೆ ಎಂದು ಸೌಮ್ಯ ವಿವರಿಸಿದಳು.

ನನ್ನ ಮೈಯಲ್ಲಿ ಮಿಂಚು ಹರಿಯಿತು. ಇದು ಬೇಟೆ! ಕೋವಿಯಿಲ್ಲ, ಗುಂಡಿಲ್ಲ, ಕಾನೂನಿನ ಅಡ್ಡಿಯಿಲ್ಲ, ಕಣ್ಣು ಮುಚ್ಚುವ ಪ್ರಶ್ನೆಯೇ ಇಲ್ಲ.

ಅದೇ ವಾರ ಪೊನ್ನಪ್ಪಣ್ಣನ ಮನೆಯ ಊಟದಲ್ಲಿ ಕೋವಿಯ ಮಾತು ಮತ್ತೆ ಬಂದಾಗ ನಾನು ಎದ್ದು ನಿಂತು ಘೋಷಿಸಿದೆ: ಬರುವ ಕೈಲ್ ಮುಹೂರ್ತದೊಳಗೆ ನನ್ನ ಮನೆಯಲ್ಲಿ, ನಾನು ಸಾಕಿದ ಗಿಡ, ಬೇಟೆಯಾಡುತ್ತದೆ. ಆಡಿದರೆ ಕೋವಿ ನನ್ನದು. ಇಲ್ಲದಿದ್ದರೆ ಅಣ್ಣನದು. ಸಭೆಯಲ್ಲಿ ನಗು ಎದ್ದಿತು. ಪೊನ್ನಪ್ಪಣ್ಣ ನಗಲಿಲ್ಲ. ಅವರು ಕರಾರಿನ ಮನುಷ್ಯ.

"ಆತ್. ಆದ್ರೆ ನೊಣ, ಸೊಳ್ಳೆ, ಇರುವೆ ಎಲ್ಲಾ ಬೇಟೆ ಅಲ್ಲ. ಮೈಯ್ಲಿ ಕೆಂಪು ರಕ್ತ ಇರ್ಬೇಕು."

ಎಲ್ಲೋ ದೂರದ ಕಾಡಿನಲ್ಲಿ ಇಲಿಯನ್ನೇ ನುಂಗುವ ಹೂಜಿ ಗಿಡ ಇದೆ ಎಂದು ನಾನು ಫೋನಿನಲ್ಲಿ ನೋಡಿದ್ದೆ. ನಮ್ಮ ಹೂಜಿಗಳಲ್ಲಿ ನನ್ನ ಹೆಬ್ಬೆರಳು ಕಷ್ಟದಲ್ಲಿ ಹೋಗುತ್ತಿತ್ತು. ಇಂಥ ಸಣ್ಣ ಲೆಕ್ಕಗಳು ವೀರರನ್ನು ತಡೆಯುವುದಿಲ್ಲ. ಒಪ್ಪಿದೆ. ಮೂಲೆಯಲ್ಲಿ ಕುಳಿತು ಎಲೆ ಅಡಿಕೆ ಕುಟ್ಟುತ್ತಿದ್ದ ದೊಡ್ಡವ್ವ, ಅಂದರೆ ಪೊನ್ನಪ್ಪಣ್ಣನ ತಾಯಿ, ತೊಂಬತ್ತು ದಾಟಿದವರು, ಕುಟ್ಟುವುದನ್ನು ನಿಲ್ಲಿಸಿ ತೀರ್ಪು ಹೇಳುವುದು ನಾನೇ ಎಂದರು. ಗಂಡಸರು ಹೊತ್ತು ತಂದ ಬೇಟೆಯನ್ನು ಅಂಗಳದಲ್ಲಿ ಪಾಲು ಹಾಕುತ್ತಿದ್ದುದನ್ನು ಕಣ್ಣಾರೆ ನೋಡಿದವರು ನಮ್ಮಲ್ಲಿ ಅವರೊಬ್ಬರೇ ಉಳಿದಿರುವುದು.

ಈಗ ಗಿಡದ ಆರೈಕೆ. ನಾನು ಹುದಿಕೇರಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್, ಅಂದರೆ ಕೆಲಸ ನೋಡಿಕೊಳ್ಳುವ ಗುಮಾಸ್ತ, ಆಗಿದ್ದವನು. ಪಿಕ್ಕಿಂಗ್, ಕಸಿ, ನೆರಳು ಕಡಿಯುವುದು, ಇದರಲ್ಲೆಲ್ಲ ನನಗಿಂತ ಬಲ್ಲವರಿದ್ದರು. ಗೊಬ್ಬರದಲ್ಲಿ ಇರಲಿಲ್ಲ. ಒಂದು ಹಿಡಿ ಕಾಂಪೋಸ್ಟನ್ನು ಮೂಗಿನ ಹತ್ತಿರ ಹಿಡಿದು ಅದರ ವಯಸ್ಸು, ಮನೆತನ ಹೇಳಬಲ್ಲೆ. ಸೌಮ್ಯ ಕುಂಡದ ಜೊತೆ ಒಂದು ಚೀಟಿ ಕೊಟ್ಟಿದ್ದಳು. ಮೊದಲ ಸಾಲು: ಗೊಬ್ಬರ ಹಾಕಲೇಬಾರದು. ಎರಡನೆಯ ಸಾಲು: ಮಾಂಸ ಹಾಕಬಾರದು. ನಾನು ಮುಗುಳ್ನಕ್ಕೆ. ಮಕ್ಕಳು ಪುಸ್ತಕ ಓದಿರುತ್ತಾರೆ, ಪಾಪ, ಗೊಬ್ಬರ ಮುಟ್ಟಿರುವುದಿಲ್ಲ. ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.

ಹಳೆಯ ಹಟ್ಟಿಗೊಬ್ಬರ ಒಂದು ಪಾಲು, ಕಾಫಿ ಸಿಪ್ಪೆಯ ಕಾಂಪೋಸ್ಟ್ ಒಂದು ಪಾಲು, ಬೇವಿನ ಹಿಂಡಿ ಸ್ವಲ್ಪ, ಕೊನೆಗೆ ಒಂದು ಚಿಟಿಕೆ ಎಲುಬಿನ ಪುಡಿ. ಮಾಂಸಾಹಾರಿ ಗಿಡವಲ್ಲವೇ! ಬೇಟೆಗಾರನನ್ನು ತಯಾರು ಮಾಡುವಾಗ ಕೈ ಬಿಗಿ ಹಿಡಿಯಬಾರದು.

ಫಲಿತಾಂಶ ಅಮೋಘವಾಗಿತ್ತು. ಜೂನ್ ಮೊದಲ ಮಳೆಗೆ ಗಿಡ ಮೊಣಕಾಲೆತ್ತರ ಬಂತು. ಎಲೆಗಳು ಹಚ್ಚಗೆ, ಎಣ್ಣೆ ಸವರಿದಂತೆ. ಬಂದವರೆಲ್ಲ ಮುಟ್ಟಿ ನೋಡಿ ಹೊಗಳಿದರು. ಭಾಗಮಂಡಲದ ಬಸ್ಸಿನ ಕಂಡಕ್ಟರ್ ನೀರು ಕುಡಿಯಲು ಬಂದವನು ಇದು ಯಾವ ಜಾತಿಯ ಏಲಕ್ಕಿ ಎಂದು ಕೇಳಿದ. ಹೂಜಿಗಳು ಮಾತ್ರ ಒಂದಾದ ಮೇಲೊಂದು ಒಣಗಿ, ಸುಕ್ಕುಗಟ್ಟಿ, ಹಳೆಯ ಕಾಲುಚೀಲದಂತೆ ಜೋತುಬಿದ್ದವು. ಹೊಸದು ಒಂದೂ ಬರಲಿಲ್ಲ. ಬೇಟೆಗಾರ ದಪ್ಪಗಾಗುತ್ತಾ ಹೋದ, ಬಾಯಿ ಮಾತ್ರ ಮಾಯವಾಯಿತು.

ದಮಯಂತಿ ಸೊಂಟಕ್ಕೆ ಕೈಯಿಟ್ಟು ಗಿಡವನ್ನೂ ನನ್ನನ್ನೂ ಒಂದೇ ನೋಟದಲ್ಲಿ ನೋಡಿದಳು.

"ಪೆನ್ಷನ್ ಬಂದವರ ಹಾಗೆ ಆಗ್ಯುಟು. ಕೂತಲ್ಲಿಗೇ ಊಟ ಬಂದ್ರೆ ಯಾರು ಬೇಟೆಗೆ ಹೋದವು?"

ಇದು ನನಗೆ ಹೇಳಿದ್ದೋ ಗಿಡಕ್ಕೆ ಹೇಳಿದ್ದೋ ಎಂದು ವಿಚಾರಿಸಲು ಹೋಗದೆ ಮೈಸೂರಿಗೆ ಫೋನ್ ಮಾಡಿದೆ. ಸೌಮ್ಯ ಎಲ್ಲವನ್ನೂ ಕೇಳಿದಳು. ಎಲುಬಿನ ಪುಡಿಯ ಹತ್ತಿರ ಬಂದಾಗ ನನ್ನನ್ನು ತಡೆದಳು.

"ಚಿಕ್ಕಪ್ಪ, ಅದು ಬೇಟೆ ಆಡೋದೇ ಮಣ್ಣಲ್ಲಿ ಎಂಥದೂ ಸಿಗ್ದೆ ಇರೋದಕ್ಕೆ. ನೀವು ಅದ್ಕೆ ದಿನಾ ಮದುವೆ ಊಟ ಹಾಕ್ತಾ ಇದ್ದೀರಿ."

ಇನ್ನು ಆಗಬೇಕಾದದ್ದು ಉಪವಾಸ. ಗಿಡವನ್ನು ಕಿತ್ತು, ಬೇರಿಗೆ ಅಂಟಿದ ಗೊಬ್ಬರವನ್ನು ಒಂದು ಕಣವೂ ಉಳಿಯದಂತೆ ತೊಳೆದು, ಬರೀ ಮರದ ಪಾಚಿ, ತೆಂಗಿನ ನಾರು, ಇದ್ದಿಲ ಚೂರಿನಲ್ಲಿ ನೆಟ್ಟು, ಮಳೆನೀರು ಮಾತ್ರ ಕೊಡಬೇಕು. ಮೂವತ್ತು ವರ್ಷ ಗೊಬ್ಬರ ಹಾಕಿ ಹೆಸರು ಮಾಡಿದವನು ಸೂರಿನ ನೀರಿನ ಕೆಳಗೆ ಕೊಡೆ ಹಿಡಿದು ಕುಳಿತು, ಹಲ್ಲುಜ್ಜುವ ಬ್ರಷ್ಷಿನಿಂದ ಗಿಡದ ಬೇರಿನ ಗೊಬ್ಬರ ಉಜ್ಜಿ ತೆಗೆಯುವುದನ್ನು ಕಲ್ಪಿಸಿಕೊಳ್ಳಿ. ನನ್ನ ಕೈಕೆಳಗೆ ಹಿಂದೆ ಕೆಲಸ ಮಾಡಿದ ಮೇಸ್ತ್ರಿಯೊಬ್ಬರು ದಾರಿಯಲ್ಲಿ ಹೋಗುತ್ತಿದ್ದವರು ಗೇಟಿನ ಹತ್ತಿರ ನಿಂತು ನೋಡಿದರು. ಟೋಪಿ ತೆಗೆದು, ಮತ್ತೆ ಹಾಕಿಕೊಂಡು ಹೋದರು.

ಆದರೆ ಮಳೆಗಾಲ ನನ್ನ ಪಕ್ಷದಲ್ಲಿತ್ತು. ನಮ್ಮ ಕಡೆಯ ಜುಲೈಯಲ್ಲಿ ಬಟ್ಟೆ ಒಣಗುವುದಿಲ್ಲ, ಬೆಂಕಿಪೊಟ್ಟಣ ಹೊತ್ತುವುದಿಲ್ಲ, ಚಪ್ಪಲಿಯ ಮೇಲೆ ಬಿಳಿ ಬೂಸ್ಟು ಬರುತ್ತದೆ. ಮನುಷ್ಯರೆಲ್ಲ ಗೊಣಗುತ್ತಾರೆ. ಹೂಜಿ ಗಿಡಕ್ಕೆ ಬೇಕಾದದ್ದು ಸರಿಯಾಗಿ ಅದೇ ಹವೆ. ಹಸಿವೂ ಮಳೆಯೂ ಕೂಡಿ ಕೆಲಸ ಮಾಡಿದವು. ತಿಂಗಳ ಕೊನೆಗೆ ಎರಡು ಎಲೆಗಳ ತುದಿ ಬಳ್ಳಿಯಾಗಿ, ಬಳ್ಳಿಯ ತುದಿ ಊದಿ, ಆಗಸ್ಟಿನ ನಡುವೆ ಎರಡು ಹೊಸ ಹೂಜಿಗಳು ಮುಚ್ಚಳ ತೆರೆದವು. ಅಂಗೈಯುದ್ದದ ಹೂಜಿಗಳು, ಕೆಂಪು ಗೀರು, ಬಾಯಂಚು ಪಾಲಿಶ್ ಹಾಕಿದಂತೆ. ನಾನು ದಮಯಂತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ಪರವಾಗಿಲ್ಲ ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಇದು ನನಗೆ ಸಿಕ್ಕ ಮೂರನೆಯ ಪರವಾಗಿಲ್ಲ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಕೈಲ್ ಮುಹೂರ್ತಕ್ಕೆ ಎರಡೇ ವಾರ ಉಳಿದಿತ್ತು, ಕೆಂಪು ರಕ್ತದ ಪ್ರಾಣಿ ಒಂದೂ ಬಿದ್ದಿರಲಿಲ್ಲ. ಗೋಡೆಯ ಹಲ್ಲಿಯೊಂದನ್ನು ಪೊರಕೆಯಿಂದ ಕುಂಡದ ಕಡೆಗೆ ಅಟ್ಟಿಕೊಂಡು ಬಂದೆ. ಹಲ್ಲಿ ಬಾಲವನ್ನು ನನ್ನ ಪೊರಕೆಗೆ ಕಾಣಿಕೆಯಾಗಿ ಬಿಟ್ಟು ಜಂತಿಗೆ ಹೋಯಿತು. ಆಗ, ದೊಡ್ಡ ಪ್ರಾಣಿಯನ್ನು ಕರೆಯಲು ದೊಡ್ಡ ವಾಸನೆ ಬೇಕು ಎಂಬ ಸಿದ್ಧಾಂತಕ್ಕೆ ಬಂದು, ಒಂದು ಹೂಜಿಯೊಳಗೆ ಒಣಮೀನಿನ ಚೂರು ಇಳಿಸಿದೆ. ಮೂರನೆಯ ದಿನ ಹೂಜಿ ಕಪ್ಪಾಯಿತು. ನಾಲ್ಕನೆಯ ದಿನ ಕರಗಿತು. ಆ ವಾಸನೆಗೆ ಬಂದ ಏಕೈಕ ದೊಡ್ಡ ಪ್ರಾಣಿ ನಮ್ಮ ನಾಯಿ ಕರಿಯ. ಅವನು ಅಂದಿನಿಂದ ಕುಂಡದ ಪಕ್ಕದಲ್ಲೇ ಮಲಗತೊಡಗಿದ. ದಮಯಂತಿ ಕುಂಡವನ್ನೂ ಕರಿಯನನ್ನೂ ಒಟ್ಟಿಗೆ ಹೊರಗೆ ಹಾಕಿದಳು. ಕುಂಡಕ್ಕೆ ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಜಾಗ ಸಿಕ್ಕಿತು. ಉಳಿದದ್ದು ಒಂದೇ ಹೂಜಿ.

ಕೈಲ್ ಮುಹೂರ್ತ ಬಂತು. ಈ ಸಲ ಎಲ್ಲರೂ ನಮ್ಮ ಮನೆಗೆ. ಕೋವಿಗೆ ಎಣ್ಣೆ ಸವರಿ, ಹೂವು ಸಿಕ್ಕಿಸಿ, ದೀಪದ ಮುಂದೆ ಇಟ್ಟೆ. ಹಿಡಿಯಲ್ಲಿ ಅಜ್ಜನ ಹೆಬ್ಬೆರಳು ಸವೆಸಿದ ಒಂದು ಗುಳಿ ಇದೆ. ನನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂರುತ್ತದೆ. ಹೊಡೆಯಲು ಬರುವುದಿಲ್ಲ ಅಷ್ಟೆ, ಕೂರುತ್ತದೆ. ಅದನ್ನು ಯಾರಿಗೂ ಹೇಳಲಿಲ್ಲ.

ಪೊನ್ನಪ್ಪಣ್ಣ ಜೀಪಿನಲ್ಲಿ ಬಂದು ದೊಡ್ಡವ್ವನನ್ನು ಅಂಗಳದಲ್ಲಿ ಇಳಿಸಿದರು. ಆಮೇಲೆ ನನ್ನ ಕಡೆ ಒಮ್ಮೆ, ಹೊಸ ಸ್ಟೆಪ್ನಿಯ ಕಡೆ ಒಮ್ಮೆ ನೋಡಿ, ಜೀಪನ್ನು ಹಿಂದಕ್ಕೆ ತಿರುಗಿಸಿ, ತೋಟದ ಆಚೆ ಟಾರು ರಸ್ತೆಯಲ್ಲಿ ನಿಲ್ಲಿಸಿ, ಒದ್ದೆ ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ನಡೆದು ಬಂದರು. ನನ್ನ ಗುಂಡು ಅಷ್ಟು ದೂರ ಬರುವುದಿಲ್ಲ ಎಂಬುದು ಅವರ ಲೆಕ್ಕ. ಮಳೆಗಾಲದಲ್ಲಿ ಆ ದಾರಿಯಲ್ಲಿ ನಡೆದರೆ ಜೊತೆಗೆ ಯಾರು ಬರುತ್ತಾರೆ ಎಂಬುದು ಅವರ ಲೆಕ್ಕದಲ್ಲಿರಲಿಲ್ಲ.

ಪೂಜೆಯಾಯಿತು. ಎಲ್ಲರೂ ಜಗಲಿಗೆ ಬಂದರು. ದೊಡ್ಡವ್ವನಿಗೆ ಕುರ್ಚಿ ಹಾಕಿದೆವು. ಪೊನ್ನಪ್ಪಣ್ಣ ಪ್ಯಾಂಟು ಮಡಚಿ, ಒಂದು ಕಾಲನ್ನು ಕುಂಡದ ಅಂಚಿಗೆ ತಾಗುವಂತೆ ಮೆಟ್ಟಿಲ ಮೇಲಿಟ್ಟು, ಕನ್ನಡಕ ಹಾಕಿ, ಹೂಜಿಯೊಳಗೆ ಇಣುಕಿದರು. ಇರುವೆ ಹನ್ನೊಂದು ಎಂದರು. ನೊಣ ಎರಡು ಎಂದರು. ಸೊಳ್ಳೆಯನ್ನು ಎಣಿಸಲಿಲ್ಲ. ಆಮೇಲೆ ಕನ್ನಡಕ ತೆಗೆದು, ಕಾಲನ್ನು ಅಲ್ಲೇ ಇಟ್ಟುಕೊಂಡು, ಕೈ ಚಾಚಿದರು.

"ಕೆಂಪು ಇಲ್ಲೆ ತಮ್ಮ. ಕೋವಿ ತಾ."

ನಾನು ಒಳಗೆ ಹೋಗಿ ಕೋವಿ ತಂದೆ. ಸಿಕ್ಕಿಸಿದ ಹೂವು ಇನ್ನೂ ಅದರಲ್ಲೇ ಇತ್ತು. ಕೊಡುವ ಮೊದಲು ಹೆಬ್ಬೆರಳನ್ನು ಒಮ್ಮೆ ಆ ಗುಳಿಯಲ್ಲಿ ಇಟ್ಟೆ.

ಅಷ್ಟರಲ್ಲಿ ಕರಿಯ ಬೊಗಳಿದ.

ಕುಂಡದ ಪಾಚಿಯ ಮೇಲೆ ಏನೋ ಬಿದ್ದಿತ್ತು. ನೇರಳೆಹಣ್ಣಿನಷ್ಟು ಊದಿದ ಜಿಗಣೆ. ಪೊನ್ನಪ್ಪಣ್ಣನ ಮೀನಖಂಡದಿಂದ ಪಾದದವರೆಗೆ ರಕ್ತದ ಒಂದು ಗೆರೆ ಇಳಿದಿತ್ತು. ಜಿಗಣೆ ಹೊಟ್ಟೆ ತುಂಬಾ ಕುಡಿದು, ಊಟ ಮುಗಿಸಿ, ತಾನಾಗಿ ಕಳಚಿಕೊಂಡಿತ್ತು. ಸ್ವಲ್ಪ ಹೊತ್ತು ಅಲ್ಲೇ ಸುಧಾರಿಸಿಕೊಂಡಿತು. ಆಮೇಲೆ ಮದುವೆ ಮನೆಯಿಂದ ಹೊರಟವರಂತೆ ಭಾರವಾಗಿ, ಬಗ್ಗಿ, ನೆಟ್ಟಗಾಗಿ, ಮತ್ತೆ ಬಗ್ಗಿ, ಹೂಜಿಯ ಕಡೆಗೇ ಹೊರಟಿತು.

ಜಗಲಿಯಲ್ಲಿದ್ದವರೆಲ್ಲ ಕುಂಡದ ಕಡೆಗೆ ಬಗ್ಗಿದರು. ಜಿಗಣೆ ಹೂಜಿಯ ಹೊಟ್ಟೆ ಹತ್ತಿತು. ಅರ್ಧಕ್ಕೆ ಬಂತು. ಆಗ ಪೊನ್ನಪ್ಪಣ್ಣನಿಗೆ ತಮ್ಮದೇ ಕರಾರು ನೆನಪಾಯಿತು.

"ಉಪ್ಪು ತಾ. ದಮಯಂತಿ, ಬೇಗ ಉಪ್ಪು."

ಜಿಗಣೆಗೆ ಉಪ್ಪು ಬಿದ್ದರೆ ಅಲ್ಲೇ ಮುಗಿಯಿತು. ದಮಯಂತಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಕರಿಗೆ ಹಾಕುತ್ತಿದ್ದ ಉಪ್ಪಿನ ಭರಣಿ ಅವಳ ಕೈಯಲ್ಲೇ ಇತ್ತು. ಅವಳು ಭರಣಿಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

"ಉಪ್ಪು ಇಲ್ಲೆ ಭಾವ."

"ಕರಿಗೆ ಹಾಕಿದ್ದ್ ಎಂಥ?"

"ಅದೇ ಕೊನೇದು."

ಪೊನ್ನಪ್ಪಣ್ಣ ಜಿಗಣೆಯನ್ನು ಕೈಯಿಂದಲೇ ಕಿತ್ತೆಸೆಯಲು ಬಗ್ಗಿದರು. ದೊಡ್ಡವ್ವನ ಊರುಗೋಲು ಅಡ್ಡ ಬಂತು. ಬೇಟೆ ನಡೆಯುವಾಗ ನಡುವೆ ಕೈ ಹಾಕಿದವನನ್ನು ನಿಮ್ಮಜ್ಜ ಆರು ತಿಂಗಳು ಪಂಕ್ತಿಗೆ ಸೇರಿಸುತ್ತಿರಲಿಲ್ಲ ಎಂದು ಅವರು ಮಗನಿಗೆ ನೆನಪಿಸಿದರು.

ಜಿಗಣೆ ಬಾಯಂಚು ಮುಟ್ಟಿತು. ತಲೆಯೆತ್ತಿ ಆ ಕಡೆ ಈ ಕಡೆ ನೋಡಿತು. ಹಿಂದಿನ ಹಿಡಿತ ಬಿಟ್ಟು ಅಂಚಿನ ಮೇಲೆ ಇಟ್ಟಿತು. ಅಷ್ಟೇ. ಪಾಲಿಶ್ ಹಾಕಿದಂಥ ಅಂಚು ತನ್ನ ಕೆಲಸ ಮಾಡಿತು. ಟುಳುಕ್ ಎಂದು ಸದ್ದಾಯಿತು. ಒಳಗೆ ಸ್ವಲ್ಪ ಹೊಯ್ದಾಟ. ನೀರು ನಿಧಾನವಾಗಿ ಬಣ್ಣ ಬದಲಿಸಿತು.

ದೊಡ್ಡವ್ವನಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ.

"ಬಣ್ಣ ಎಂಥ?"

"ಕೆಂಪು," ಎಂದು ನಾನು ಹೇಳಿದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು.

"ರಕ್ತ ಯಾರದ್ದು?"

ಕರಿಯ ಪೊನ್ನಪ್ಪಣ್ಣನ ಪಾದ ನೆಕ್ಕುತ್ತಿದ್ದ.

"ನಂದು," ಎಂದರು ಪೊನ್ನಪ್ಪಣ್ಣ.

"ಹಂಗಾರೆ ನಮ್ಮ ಮನೆತನದ್ದೇ. ಒಳ್ಳೇ ರಕ್ತ. ಕೋವಿ ಇಲ್ಲೇ ಇರ್ಲಿ."

ಜಗಲಿಯಲ್ಲಿ ಗದ್ದಲವೆದ್ದಿತು. ಪೊನ್ನಪ್ಪಣ್ಣ ಸೋತರೂ ಮರ್ಯಾದೆಯ ಮನುಷ್ಯ. ಕೋವಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ತಾವೇ ಒಳಗೆ ಹೋಗಿ ಗೋಡೆಗೆ ಹಾಕಿದರು. ಹೊರಗೆ ಬಂದವರು, ಮೂವತ್ತು ವರ್ಷ ತೆಂಗಿನಕಾಯಿ ಹೊಡೆದೆ, ಯಾವ ತೆಂಗಿನಕಾಯಿಯೂ ಇಷ್ಟು ಹೊತ್ತು ಉಸಿರು ಕಟ್ಟಿಸಿರಲಿಲ್ಲ ಎಂದು ಒಪ್ಪಿಕೊಂಡರು. ಆಮೇಲೆ ಕಾಲಿಗೆ ಹಚ್ಚಲು ಸುಣ್ಣ ಕೇಳಿದರು. ಸುಣ್ಣ ತಕ್ಷಣ ಸಿಕ್ಕಿತು.

ಆ ಹೂಜಿ ಹತ್ತು ದಿನದಲ್ಲಿ ಒಣಗಿತು. ಕ್ಯಾಲೆಂಡರನ್ನು ಅಡುಗೆಮನೆಗೆ ವರ್ಗಾಯಿಸಿ, ಒಣ ಹೂಜಿಯನ್ನು ನನ್ನ ಮೊಳೆಗೆ ನೇತುಹಾಕಿದೆ. ಕಾಟಿ, ಕಡವೆ, ಕಾಡುಕುರಿ, ಹೂಜಿ. ಗಾತ್ರದ ಇಳಿಜಾರು ಎಲ್ಲಿಯೂ ತಪ್ಪಿಲ್ಲ. ಗಿಡದಲ್ಲಿ ಈಗ ಹೊಸದಾಗಿ ನಾಲ್ಕು ಹೂಜಿಗಳಿವೆ. ನಾನು ಅದಕ್ಕೆ ಏನನ್ನೂ ಹಾಕುವುದಿಲ್ಲ.

ಇನ್ನು ಆ ದಿನದ ಊಟದ ವಿಷಯ. ನಿಜವಾದ ಬೇಟೆ ನಡೆದ ಮೇಲೆ ಪಾಲೂ ನಿಜವಾಗಿಯೇ ಆಗಬೇಕು ಎಂದು ದೊಡ್ಡವ್ವ ಹಂದಿಕರಿಯ ಪಾತ್ರೆಯನ್ನು ತಮ್ಮ ಮುಂದೆ ತರಿಸಿದರು. ಹಳೆಯ ಕ್ರಮವನ್ನು ಬಾಯಿಪಾಠ ಹೇಳಿದರು. ಹೊಡೆದವನಿಗೆ ದೊಡ್ಡ ಪಾಲು: ಹೊಡೆದದ್ದು ಗಿಡ, ಗಿಡಕ್ಕೆ ಮಾಂಸ ಹಾಕಬಾರದು ಎಂದು ಚೀಟಿಯಲ್ಲಿದೆ, ಆದ್ದರಿಂದ ಗಿಡದ ಪರವಾಗಿ ದಮಯಂತಿ. ಬೇಟೆಯನ್ನು ಓಡಿಸಿಕೊಂಡು ಬಂದವನಿಗೆ ಎರಡನೆಯ ಪಾಲು: ತೋಟದಿಂದ ಇಲ್ಲಿಯವರೆಗೆ ಕರೆದುಕೊಂಡು ಬಂದದ್ದು ಪೊನ್ನಪ್ಪ. ಬೇಟೆಯನ್ನು ಮೊದಲು ಕಂಡು ಸುದ್ದಿ ಕೊಟ್ಟ ನಾಯಿಗೆ ಅದರ ಪಾಲು. ಕೊನೆಗೆ ಬರಿದೇ ಬಂದು ನಿಂತವರಿಗೆ ಉಳಿದದ್ದರಲ್ಲಿ ಒಂದಿಷ್ಟು.

ಬರಿದೇ ನಿಂತವರು ಯಾರು ಎಂದು ನಾನು ಕೇಳಿದೆ.

"ನೀ ಎಂಥ ಮಾಡ್ದೆ ಕುಶಾಲ?" ಎಂದು ದೊಡ್ಡವ್ವ ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು.

ನಾನು ಯೋಚಿಸಿದೆ. ಗೊಬ್ಬರ ಹಾಕಿದ್ದೆ. ಒಣಮೀನು ಹಾಕಿದ್ದೆ.

ಕೋವಿ ನಮ್ಮ ಮನೆಯಲ್ಲೇ ಉಳಿಯಿತು. ಊಟಕ್ಕೆ ನನಗೆ ಎರಡು ತುಂಡು ಬಂತು. ಕರಿಯನಿಗೆ ಮೂರು.